ಲೆನನ್ ಕನ್ನಡಕ, ನನ್ನ ಸೋಡಾಬುಡ್ಡಿ

ಮೊನ್ನೆ ಕನ್ನಡಕದ ಅಂಗಡಿಗೆ ಹೋಗಿದ್ದೆ. ಹಳೇ ಫ್ರೇಮಿನ ಕಡ್ಡಿ ಮುರಿದಿತ್ತು. ಅಂಗಡಿಯ ಹುಡುಗ ನನ್ನ ಚೀಟಿ ನೋಡಿದ. ಎರಡೂ ಕಣ್ಣಿಗೆ ಮೈನಸ್ ಏಳು. ಏನೂ ಮಾತಾಡದೆ ಒಳಗೆ ಹೋಗಿ ಒಂದು ಟ್ರೇ ತುಂಬ ದುಂಡು ಫ್ರೇಮ್ ತಂದಿಟ್ಟ.

"ಮೇಡಂ, ಇದು ಲೆನನ್ ಮಾಡೆಲ್. ಈಗ ಜಾಸ್ತಿ ಹೋಗ್ತಿರೋದು ಇದೇ."

"ಲೆನನ್ ಅಂದ್ರೆ ಯಾರಪ್ಪಾ?"

"ಕಂಪನಿ ಹೆಸರಿರಬೇಕು ಮೇಡಂ."

ನಗು ಬಂತು. ಲೆನನ್ ಅಂದರೆ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಹಾಡುಗಾರ ಜಾನ್ ಲೆನನ್. ಆದರೆ ಅವನದೇನು ತಪ್ಪು? ಇದೇ ಫ್ರೇಮನ್ನು ನಮ್ಮ ಅಜ್ಜ ಗಾಂಧಿ ಕನ್ನಡಕ ಅಂತಿದ್ದರು. ಅಣ್ಣನ ಮಗ ಹ್ಯಾರಿ ಪಾಟರ್ ಕನ್ನಡಕ ಅಂತಾನೆ. ನನಗೆ ಮಾತ್ರ ಅದು ಲೆನನ್ ಕನ್ನಡಕವೇ. ಅದಕ್ಕೊಂದು ಕಾರಣ ಇದೆ.

ನನಗೆ ಕನ್ನಡಕ ಬಂದಿದ್ದು ಐದನೇ ಕ್ಲಾಸಿನಲ್ಲಿ. ಅವತ್ತಿನಿಂದ ಶಾಲೆಯಲ್ಲಿ ನನ್ನ ಹೆಸರು ಸೋಡಾಬುಡ್ಡಿ. ಅದನ್ನಾದರೂ ತಡೆದುಕೊಂಡೆ. ಇಪ್ಪತ್ಮೂರನೇ ವಯಸ್ಸಿಗೆ ಹುಡುಗನ ಕಡೆಯವರು ನೋಡೋಕೆ ಬಂದರು. ಸೋದರತ್ತೆ ಅಡುಗೆಮನೆಗೆ ಬಂದು, "ಒಂದರ್ಧ ಗಂಟೆ ಅದನ್ನ ತೆಗೆದಿಡೇ, ಆಮೇಲೆ ಹೇಳಿದ್ರಾಯ್ತು" ಅಂದರು. ತೆಗೆದಿಟ್ಟೆ. ಕೇಸರಿಬಾತಿನ ತಟ್ಟೆ ಹಿಡಿದು ಹಾಲಿಗೆ ಬಂದರೆ ಸೋಫಾದ ಮೇಲೆ ಆರೇಳು ಮಬ್ಬು ಆಕಾರ. ನೀಲಿ ಶರ್ಟಿನವನೇ ಹುಡುಗ ಅಂದುಕೊಂಡು ತಟ್ಟೆ ಕೊಡುವಾಗ ಸ್ವಲ್ಪ ನಕ್ಕೆ ಕೂಡ. ಅದು ಹುಡುಗನ ಭಾವ. ಸಂಬಂಧ ಕುದುರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಜಾನ್ ಲೆನನ್‌ದೂ ಇದೇ ಪಾಡು. ಬೀಟಲ್ಸ್‌ನ ಲೆನನ್‌ಗೆ ಚಿಕ್ಕಂದಿನಿಂದಲೇ ದೂರದ್ದು ಕಾಣುತ್ತಿರಲಿಲ್ಲ. ಕನ್ನಡಕ ಹಾಕೋಕೆ ನಾಚಿಕೆ. ಅದೇ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಹೇಳುವ ಒಂದು ಕಥೆ ನನಗೆ ಬಹಳ ಇಷ್ಟ. ಇಬ್ಬರೂ ಲಿವರ್‌ಪೂಲಿನ ಹುಡುಗರಾಗಿದ್ದಾಗ ಲೆನನ್ ಪಾಲ್ ಮನೆಯಿಂದ ರಾತ್ರಿ ನಡೆದು ಹೋಗುತ್ತಿದ್ದ. ಒಮ್ಮೆ, ನಿಮ್ಮ ಬೀದಿಯವರಿಗೇನು ಹುಚ್ಚಾ, ಅಷ್ಟು ಹೊತ್ತಲ್ಲಿ ಹೊರಗೆ ಕೂತು ಇಸ್ಪೀಟ್ ಆಡ್ತಿದ್ದರು ಅಂದನಂತೆ. ಪಾಲ್ ಹೋಗಿ ನೋಡಿದರೆ ಅದು ಕ್ರಿಸ್‌ಮಸ್ಸಿಗೆ ಇಟ್ಟಿದ್ದ ಗೋದಲಿ! ಬಾಲಯೇಸುವಿನ ಸುತ್ತ ಕೂರಿಸಿದ್ದ ಗೊಂಬೆಗಳು ಇವನ ಕಣ್ಣಿಗೆ ಇಸ್ಪೀಟ್ ಆಡೋರಾಗಿ ಕಂಡಿದ್ದವು. ಇದನ್ನು ಓದಿದ ದಿನ ನೀಲಿ ಶರ್ಟಿನ ವಿಷಯ ನಾನು ಕ್ಷಮಿಸಿಬಿಟ್ಟೆ.

ಲೆನನ್‌ಗೆ ಸ್ವಲ್ಪ ಧೈರ್ಯ ಕೊಟ್ಟಿದ್ದು ಅಮೆರಿಕದ ಬಡ್ಡಿ ಹಾಲಿ. ದಪ್ಪ ಕಪ್ಪು ಫ್ರೇಮ್ ಹಾಕಿಕೊಂಡೇ ರಾಕ್ ಅಂಡ್ ರೋಲ್ ಹಾಡುತ್ತಿದ್ದವನು. 1959ರಲ್ಲಿ ವಿಮಾನ ಅಪಘಾತದಲ್ಲಿ ಹೋದಾಗ ಅವನಿಗೆ ಬರೀ 22 ವರ್ಷ. ಲೆನನ್ ಅವನ ಥರದ್ದೇ ಫ್ರೇಮ್ ಮಾಡಿಸಿಕೊಂಡ. ಆದರೆ ಬೀಟಲ್ಸ್ ಹೆಸರು ಮಾಡಿದ ಮೇಲೆ ಸ್ಟೇಜ್ ಹತ್ತುವಾಗ ಅದೂ ಇಲ್ಲ. ಜಗತ್ತೇ ಹುಚ್ಚೆದ್ದು ಕಿರುಚುತ್ತಿದ್ದಾಗ ಅವನೆದುರಿಗೆ ಇದ್ದದ್ದು ಬರೀ ಮಬ್ಬು. ಹಳೆಯ ವಿಡಿಯೋಗಳಲ್ಲಿ ಗಲ್ಲ ಮೇಲೆತ್ತಿ ಎಲ್ಲೋ ದೂರ ದಿಟ್ಟಿಸುತ್ತಾನೆ ನೋಡಿ. ಜನ ಅದನ್ನ ಗತ್ತು ಅಂತಾರೆ. ನನ್ನಂಥವರಿಗೆ ಅದು ಏನಂತ ಗೊತ್ತು.

1966ರಲ್ಲಿ ಎಲ್ಲ ಬದಲಾಯಿತು. ಆ ವರ್ಷ ಬೀಟಲ್ಸ್ ಊರೂರು ಸುತ್ತಿ ಕಾರ್ಯಕ್ರಮ ಕೊಡುವುದನ್ನು ನಿಲ್ಲಿಸಿದರು. ಲೆನನ್ ರಿಚರ್ಡ್ ಲೆಸ್ಟರ್ ನಿರ್ದೇಶನದ 'ಹೌ ಐ ವನ್ ದ ವಾರ್' ಅನ್ನೋ ಸಿನಿಮಾದಲ್ಲಿ ಸಾಮಾನ್ಯ ಸೈನಿಕನ ಪಾತ್ರ ಮಾಡಿದ. ಜರ್ಮನಿಯಲ್ಲಿ, ಸ್ಪೇನಿನಲ್ಲಿ ಶೂಟಿಂಗ್. ಅವನ ಕೂದಲು ಕತ್ತರಿಸಿ, ದುಂಡು ತಂತಿಯ ಕನ್ನಡಕ ಹಾಕಿಸಿದರು. ಶೂಟಿಂಗ್ ಮುಗಿಯಿತು, ಕನ್ನಡಕ ಮುಖದ ಮೇಲೇ ಉಳಿಯಿತು.

ಅದು ಎಂಥ ಕನ್ನಡಕ ಅನ್ನೋದೇ ಮಜಾ. 1948ರಲ್ಲಿ ಬ್ರಿಟನ್ನಿನಲ್ಲಿ ನ್ಯಾಷನಲ್ ಹೆಲ್ತ್ ಸರ್ವಿಸ್ ಅನ್ನೋ ಸರ್ಕಾರಿ ಆರೋಗ್ಯ ಸೇವೆ ಶುರುವಾದಾಗ ಕನ್ನಡಕ ಪುಕ್ಕಟೆ ಕೊಡುತ್ತಿದ್ದರು. 1951ರಲ್ಲಿ ಕನ್ನಡಕಕ್ಕೂ ಹಲ್ಲಿನ ಸೆಟ್ಟಿಗೂ ದುಡ್ಡು ತೆಗೆದುಕೊಳ್ಳೋಣ ಅಂತ ಸರ್ಕಾರ ಹೊರಟಾಗ, ಆ ಆರೋಗ್ಯ ಸೇವೆಯನ್ನೇ ಶುರು ಮಾಡಿದ್ದ ಅನೈರಿನ್ ಬೆವನ್ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. ಕನ್ನಡಕದ ವಿಷಯಕ್ಕೆ ಕುರ್ಚಿ ಬಿಟ್ಟ ಮಂತ್ರಿ! ಆದರೆ ಆ ಸರ್ಕಾರಿ ಫ್ರೇಮುಗಳಿಗೆ ಮರ್ಯಾದೆ ಮಾತ್ರ ಇರಲಿಲ್ಲ. ನಮ್ಮಲ್ಲಿ ಕಣ್ಣಿನ ಶಿಬಿರದಲ್ಲಿ ಹಂಚುವ ಕನ್ನಡಕ ಇದೆಯಲ್ಲ, ನೋಡಿದ ತಕ್ಷಣ ಗೊತ್ತಾಗಿಬಿಡುತ್ತದೆ. ಹಾಗೇ. ಅದನ್ನು ಹಾಕಿದ ಮಕ್ಕಳನ್ನು ಶಾಲೆಯಲ್ಲಿ ನಾಲ್ಕು ಕಣ್ಣು ಅಂತ ರೇಗಿಸುತ್ತಿದ್ದರು. ಬೇಕಾದ ಕನ್ನಡಕ ಕೊಳ್ಳುವಷ್ಟು ದುಡ್ಡಿದ್ದ ಮನುಷ್ಯ ಹುಡುಕಿ ಹಾಕಿಕೊಂಡಿದ್ದು ಆ ಥರದ್ದನ್ನು.

ಆಮೇಲಿನದು ನಿಮಗೆ ಗೊತ್ತು. 1967ರ ನವೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಮೊಟ್ಟಮೊದಲ ಸಂಚಿಕೆ ಬಂತು. ಮುಖಪುಟದಲ್ಲಿ ಸೈನಿಕನ ಟೊಪ್ಪಿ, ದುಂಡು ಕನ್ನಡಕದ ಲೆನನ್. 1968ರ ಶುರುವಿನಲ್ಲಿ ಬೀಟಲ್ಸ್ ಋಷಿಕೇಶಕ್ಕೆ ಬಂದಾಗಲೂ ಅದೇ ಅವತಾರ. ಹುಡುಗರು ಕಣ್ಣು ಸರಿಯಿದ್ದರೂ ದುಂಡು ಕನ್ನಡಕ ಹಾಕತೊಡಗಿದರು.

ಲೆನನ್ ಹಾಕಿದ್ದು ಕಾಣಲಿ ಅಂತ, ನೀವು ಹಾಕೋದು ಕಾಣಿಸಿಕೊಳ್ಳಲಿ ಅಂತ. ಪವರ್ ಇಲ್ಲದ ಗಾಜು ಹಾಕುವವರನ್ನು ನೋಡಿದಾಗಲೆಲ್ಲ ಹೀಗೊಂದು ಚುಚ್ಚುಮಾತು ನನ್ನ ಬಾಯಿಗೆ ಬರುತ್ತಿತ್ತು. ಈಗ ಅದನ್ನ ಹೇಳೋ ಹಾಗಿಲ್ಲ. 1968ರ ಬೇಸಿಗೆಯಲ್ಲಿ ಲೆನನ್ ತನ್ನ ದುಂಡು ತಂಪು ಕನ್ನಡಕವನ್ನು ಬೀಟಲ್ಸ್ ಬ್ಯಾಂಡಿನ ರಿಂಗೋ ಸ್ಟಾರ್ ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟು ಹೋಗಿದ್ದ. ಒಂದು ಗಾಜು, ಒಂದು ಕಡ್ಡಿ ಕಳಚಿತ್ತು. ರಿಪೇರಿ ಮಾಡಿಸಲಾ ಅಂತ ಡ್ರೈವರ್ ಕೇಳಿದರೆ, ಬಿಡು, ಅದು ಸುಮ್ನೆ ಸ್ಟೈಲಿಗೆ ಅಂದನಂತೆ! 2019ರಲ್ಲಿ ಸೋದಬೀಸ್ ಹರಾಜಿನಲ್ಲಿ ಅದು 1,37,500 ಪೌಂಡಿಗೆ ಹೋಯಿತು. ನನ್ನ ವಾದವೂ ಅದರ ಜೊತೆಗೇ ಹೋಯಿತು.

ಒಂದು ಕನ್ನಡಕದ ಬಗ್ಗೆ ಮಾತ್ರ ತಮಾಷೆ ಮಾಡೋಕೆ ಆಗೋದಿಲ್ಲ. 1980ರ ಡಿಸೆಂಬರ್ 8ರ ರಾತ್ರಿ ನ್ಯೂಯಾರ್ಕಿನಲ್ಲಿ ಮನೆ ಬಾಗಿಲಲ್ಲೇ ಅವನನ್ನು ಗುಂಡಿಟ್ಟು ಕೊಂದರಲ್ಲ, ಆಗ ಹಾಕಿದ್ದದ್ದು. ಅವನ ಹೆಂಡತಿ ಯೋಕೊ ಓನೊ ಮರುವರ್ಷ ತಮ್ಮ ಆಲ್ಬಮ್ಮಿನ ಮುಖಪುಟಕ್ಕೆ ಅದರ ಫೋಟೋವನ್ನೇ ಹಾಕಿದರು. ಗಾಜಿನ ಮೇಲೆ ರಕ್ತ, ಪಕ್ಕದಲ್ಲಿ ಅರ್ಧ ಲೋಟ ನೀರು. ಒಮ್ಮೆ ನೋಡಿದ್ದೇನೆ, ಸಾಕು.

ಮನಸ್ಸಿಗೆ ಹಗುರ ಅನ್ನಿಸುವ ಕಥೆ ಕ್ಯೂಬಾದ ಹವಾನಾದ್ದು. ಅಲ್ಲಿನ ಒಂದು ಪಾರ್ಕಿನಲ್ಲಿ ಕಂಚಿನ ಲೆನನ್ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. 2000ದಲ್ಲಿ ಅದರ ಉದ್ಘಾಟನೆಗೆ ಆಗಿನ ಅಧ್ಯಕ್ಷ ಫಿಡೆಲ್ ಕ್ಯಾಸ್ಟ್ರೊ ಬಂದಿದ್ದರು. ಪ್ರತಿಮೆಯ ಕನ್ನಡಕ ಪದೇ ಪದೇ ಕಳುವಾಗುತ್ತಿತ್ತು. ಕೊನೆಗೆ ಒಬ್ಬ ಕಾವಲುಗಾರನನ್ನು ಇಟ್ಟರು. ಫೋಟೋ ತೆಗೆಯೋಕೆ ಜನ ಬಂದರೆ ಆತ ಕನ್ನಡಕ ತಂದು ಲೆನನ್‌ಗೆ ಹಾಕುವುದು, ಅವರು ಹೋದ ಮೇಲೆ ತೆಗೆದಿಟ್ಟುಕೊಳ್ಳುವುದು. ನಮ್ಮ ಸೋದರತ್ತೆ ಮಾಡಿಸಿದ್ದರ ಸರೀ ಉಲ್ಟಾ, ಅಲ್ವಾ?

ಅಂದ ಹಾಗೆ, ಟ್ರೇಯಿಂದ ಒಂದು ದುಂಡು ಫ್ರೇಮ್ ಆರಿಸಿದೆ. ಹುಡುಗನಿಗೆ ಲೆನನ್ ಗೊತ್ತಿಲ್ಲದಿದ್ದರೂ ಕೆಲಸ ಗೊತ್ತು. "ಮೈನಸ್ ಗಾಜು ನಡುವೆ ತೆಳು, ಅಂಚಿಗೆ ಹೋದಷ್ಟೂ ದಪ್ಪ ಮೇಡಂ. ಚಿಕ್ಕ ಫ್ರೇಮ್ ಆದ್ರೆ ಆ ದಪ್ಪ ಭಾಗ ಕಟ್ ಆಗಿ ಹೋಗತ್ತೆ, ಸೋಡಾಬುಡ್ಡಿ ಥರ ಕಾಣಲ್ಲ" ಅಂದ. ಆ ಪದ ಅವನ ಬಾಯಲ್ಲೂ ಬಂತು ನೋಡಿ. ಶನಿವಾರ ಸಂಜೆ ಬಂದು ತಗೊಂಡು ಹೋಗಿ ಅಂದಿದ್ದಾನೆ.