ಉಪ್ಪಿಗೂ ಬೇಕು ಪಾಸ್‌ಪೋರ್ಟ್

ಹೊಸದಾಗಿ ಸಂಸಾರ ಹೂಡುವವರಿಗೆ ಅಡುಗೆಮನೆಗೆ ಏನೇನು ಬೇಕು ಅಂತ ಮೊದಲು ಮನೆಯ ಹಿರಿಯರು ಹೇಳುತ್ತಿದ್ದರು. ಈಗ ಮೊಬೈಲ್ ಹೇಳುತ್ತದೆ. ‘ನಿಮ್ಮ ಅಡುಗೆಮನೆಯಲ್ಲಿ ಇರಲೇಬೇಕಾದ ಐವತ್ತು ವಸ್ತುಗಳು.’ ಇರಲೇಬೇಕು ಅಂದಮೇಲೆ ಮುಗೀತು. ನಲವತ್ತೊಂಬತ್ತೇ ಇದ್ದರೆ ಅನ್ನ ಬೇಯುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಎಷ್ಟೋ ಹಳ್ಳಿಗಳಲ್ಲಿ ಈ ಪಟ್ಟಿ ನೋಡುವುದಕ್ಕೇ ಗುಡ್ಡ ಹತ್ತಬೇಕು. ನೆಟ್‌ವರ್ಕ್ ಇರುವುದು ಅಲ್ಲಿ. ಹತ್ತಿ, ಉಸಿರು ಬಿಟ್ಟು, ಆರ್ಡರ್ ಮಾಡಿ ಇಳಿಯುತ್ತಾರೆ. ಪಾರ್ಸಲ್ ಮನೆ ಬಾಗಿಲಿಗೆ ಬರುವುದಿಲ್ಲ, ಶಿರಸಿ ಪೇಟೆಯ ಯಾವುದೋ ಪರಿಚಯದ ಅಂಗಡಿಯಲ್ಲಿ ಕಾಯುತ್ತಿರುತ್ತದೆ. ಅದನ್ನು ಹೊತ್ತು ಬರುವ ದಾರಿಯಲ್ಲಿ ಮುರುಗಲು ಹಣ್ಣು ಕೆಂಪಗೆ ಉದುರಿ ಬಿದ್ದಿರುತ್ತದೆ. ತುಳಿದುಕೊಂಡೇ ನಡೆಯಬೇಕು. ಮನೆಗೆ ಬಂದು ಡಬ್ಬ ಬಿಚ್ಚಿದರೆ ಒಳಗೊಂದು ಬಾಟಲಿ. ಅದರ ಮೇಲೆ ‘ಪ್ರೀಮಿಯಂ ಕೋಕಮ್ ಸಿರಪ್’. ಚಪ್ಪಲಿಯ ಅಡಿಗೆ ಅಂಟಿದ್ದೂ ಅದೇ ಹಣ್ಣು, ಆದರೆ ಅದು ಪ್ರೀಮಿಯಂ ಅಲ್ಲ.

ಪಟ್ಟಿಯ ರಾಜ ಅಂದರೆ ಗುಲಾಬಿ ಉಪ್ಪು. ಜೊತೆಗೆ ಅದನ್ನು ಪುಡಿ ಮಾಡಲು ತಿರುಗಿಸುವ ಒಂದು ಯಂತ್ರ. ಪರಿಚಯದ ಮನೆಯೊಂದರಲ್ಲಿ ಅಜ್ಜಿ ಆ ಉಪ್ಪನ್ನು ಕಂಡು ಕೇಳಿದರು, “ಎಂತದ್ದೇ ಇದು? ಉಪ್ಪಿಗೂ ಬಣ್ಣ ಬಳಿಯೂದಾ?” ಮೊಮ್ಮಗಳು ಹೇಳಿದಳು, “ಇಲ್ಲ ಅಜ್ಜಿ, ಇದು ಹಿಮಾಲಯದ್ದು.” ಹಿಮಾಲಯ ಅಂದಕೂಡಲೇ ಅಜ್ಜಿ ಕೈ ಮುಗಿದರು. ಕೇದಾರದಿಂದ ಬಂದ ಪ್ರಸಾದ ಅಂದುಕೊಂಡಿರಬೇಕು.

ಈ ಹಿಮಾಲಯದ ಉಪ್ಪು ಹಿಮಾಲಯ ಕಂಡದ್ದಿಲ್ಲ. ಅದರ ದೊಡ್ಡ ಗಣಿ ಇರುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾದಲ್ಲಿ. ಗುಲಾಬಿ ಬಣ್ಣ ಬರುವುದು ಅದರಲ್ಲಿರುವ ಕಬ್ಬಿಣದ ಅಂಶದಿಂದ, ಸರಳವಾಗಿ ಹೇಳಬೇಕೆಂದರೆ ತುಕ್ಕಿನಿಂದ. ಉಳಿದದ್ದು ಬಹುಪಾಲು ನಮ್ಮ ನಿಮ್ಮ ಉಪ್ಪೇ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದಿಂದ ಬರುವ ಎಲ್ಲ ಸರಕಿಗೂ ಕೇಂದ್ರ ಸರ್ಕಾರ ತಡೆ ಹಾಕಿತು. ಬೆಳಿಗ್ಗೆ ಪೇಪರ್ ಓದಿ ಭೇಷ್ ಅಂದವರೇ ಮಧ್ಯಾಹ್ನ ಸೌತೆಕಾಯಿ ಮೇಲೆ ಖೇವ್ರಾ ಉದುರಿಸಿಕೊಂಡರು. ಉಪ್ಪಿನಲ್ಲಿ ಅಯೋಡಿನ್ ಇರಬೇಕು ಅನ್ನುತ್ತಾರೆ, ಅದು ಸರಿಯಾದ ಮಾತು. ಆದರೆ ಗುಲಾಬಿ ಉಪ್ಪಿನಲ್ಲಿ ಅದು ಹೇಳಿಕೊಳ್ಳುವಷ್ಟು ಇಲ್ಲ. ಅಯೋಡಿನ್‌ಗಾಗಿ ಇನ್ನೊಂದು ಪ್ಯಾಕೆಟ್ ತರಬೇಕು. ಹಾಗಾಗಿ ಈಗ ಒಂದೇ ಮನೆಯಲ್ಲಿ ಒಂದು ಉಪ್ಪು ಆರೋಗ್ಯಕ್ಕೆ, ಇನ್ನೊಂದು ನೆಂಟರಿಗೆ ತೋರಿಸುವುದಕ್ಕೆ.

ಇತ್ತ ಸಾಣಿಕಟ್ಟ. ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ, ಅಘನಾಶಿನಿಯ ಹಿನ್ನೀರನ್ನು ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ಹರಳು ಉಪ್ಪು ತೆಗೆಯುತ್ತಾರೆ. ಘಟ್ಟದ ಮೇಲಿನ ಮಿಡಿ ಉಪ್ಪಿನಕಾಯಿಗೆ ಈ ಉಪ್ಪೇ ಆಗಬೇಕು ಅನ್ನುವ ಮನೆಗಳು ಇನ್ನೂ ಇವೆ. ಪ್ರವಾಸಿಗರು ಉಪ್ಪಿನ ರಾಶಿಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆಮೇಲೆ ಸಮುದ್ರದಂಡೆಯ ಕೆಫೆಗೆ ಹೋಗಿ ಗುಲಾಬಿ ಉಪ್ಪು ಹಾಕಿದ ಸಲಾಡ್ ತಿನ್ನುತ್ತಾರೆ. ತಪ್ಪು ಅವರದ್ದಲ್ಲ. ಸಾಣಿಕಟ್ಟದ ಉಪ್ಪಿನ ತಪ್ಪು ಒಂದೇ, ಅದು ಹತ್ತಿರದಲ್ಲಿದೆ.

ಇನ್ನು ಚಾಕುಗಳು. ಬ್ರೆಡ್ಡಿಗೆ ಒಂದು, ಟೊಮೆಟೊಗೆ ಒಂದು, ಚೀಸಿಗೆ ಒಂದು, ಮೂಳೆ ಬಿಡಿಸಲು ಒಂದು. ಬೆಳ್ಳುಳ್ಳಿಯೂ ಒಳಗೆ ಬರದ ಮನೆಗೂ ಮೂಳೆ ಬಿಡಿಸುವ ಚಾಕು ಸೆಟ್ಟಿನ ಜೊತೆಗೇ ಬರುತ್ತದೆ. ಎಲ್ಲವನ್ನೂ ಒಂದು ಮರದ ದಿಮ್ಮಿಗೆ ಚುಚ್ಚಿ ಕಟ್ಟೆಯ ಮೇಲೆ ನಿಲ್ಲಿಸಿರುತ್ತಾರೆ. ಮೇ ತಿಂಗಳಲ್ಲಿ ಹಿತ್ತಲಿನಲ್ಲಿ ಧೊಪ್ಪನೆ ಹಲಸಿನ ಹಣ್ಣು ಬಿತ್ತು ಅನ್ನಿ, ಇಡೀ ಸೈನ್ಯ ರಜೆಯ ಮೇಲೆ. ಹಲಸಿನ ಮೇಣ ಮೆತ್ತಿದ ಜರ್ಮನ್ ಚಾಕುವಿಗೆ ಆಮೇಲೆ ಬೆಣ್ಣೆ ಕತ್ತರಿಸುವುದೂ ಕಷ್ಟ. ಆಗ ಅಟ್ಟದಿಂದ ಮೆಟ್ಟುಗತ್ತಿ ಇಳಿಯುತ್ತದೆ. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿದರೆ ಆಯ್ತು. (2025ರಲ್ಲಿ ತೆಂಗಿನೆಣ್ಣೆಯ ದರ ಏರಿದ್ದು ನೋಡಿದರೆ, ಕೈಗೆ ಸವರುವುದೂ ಒಂದು ಶೋಕಿಯೇ.) ಹಣ್ಣು ಖಾಲಿಯಾದ ಮೇಲೆ ಕತ್ತಿ ಮತ್ತೆ ಅಟ್ಟಕ್ಕೆ. ಕೆಲಸ ಬಂದರೂ ಅದಕ್ಕೆ ಫೋಟೋದಲ್ಲಿ ನಿಲ್ಲಲು ಬರುವುದಿಲ್ಲ.

ಬಿದಿರಿನ ಮುಚ್ಚಳದ ಗಾಜಿನ ಜಾಡಿಗಳದ್ದು ಬೇರೆಯೇ ಕಥೆ. ಒಂದರ ಮೇಲೆ ‘ರೈಸ್’, ಇನ್ನೊಂದರ ಮೇಲೆ ‘ದಾಲ್’ ಅಂತ ಚೀಟಿ. ಗಾಜಿನ ಆಚೆ ಅಕ್ಕಿ ಕಾಣುತ್ತಿದ್ದರೂ ಚೀಟಿ ಬೇಕು. ಅನುಮಾನ ಇರಬಾರದು ನೋಡಿ. ಜಾಡಿಯಲ್ಲಿ ಹಿಡಿಯುವ ಅಕ್ಕಿ ಕುಚ್ಚಲಕ್ಕಿ ಉಣ್ಣುವ ಮನೆಯ ಒಂದು ಹೊತ್ತಿಗೂ ಸಾಲದು. ಉಳಿದ ಅಕ್ಕಿ ಹಳೆಯ ಡಬ್ಬಿಯಲ್ಲಿ, ಮಂಚದ ಕೆಳಗೆ, ಯಾರಿಗೂ ಕಾಣದ ಹಾಗೆ ಇರುತ್ತದೆ. ಪಟ್ಟಿ ಬರೆದವರ ಊರಲ್ಲಿ ಮಳೆ ಬರುವುದಿಲ್ಲ ಅನ್ನಿಸುತ್ತದೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಸುರಿಯುತ್ತದೆ. ಆಷಾಢ ಬರುವಷ್ಟರಲ್ಲಿ ಬಿದಿರಿನ ಮುಚ್ಚಳಕ್ಕೆ ಬೂಸ್ಟು, ಮರದ ಕಟಿಂಗ್ ಬೋರ್ಡಿಗೆ ಬೂಸ್ಟು. ಗುಲಾಬಿ ಉಪ್ಪಿನ ಯಂತ್ರದೊಳಗೆ ಉಪ್ಪು ನೀರೊಡೆದು ತಿರುಗುವುದೇ ಇಲ್ಲ. ಕರೆಂಟ್ ಇಲ್ಲದ್ದರಿಂದ ಏರ್ ಫ್ರೈಯರ್ ಮೇಲೆ ಬಟ್ಟೆ ಒಣಹಾಕಿರುತ್ತಾರೆ. ಮೂಲೆಯಲ್ಲಿ ಅಪ್ಪೆಮಿಡಿಯ ಭರಣಿ ಮಾತ್ರ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ನೆಮ್ಮದಿಯಾಗಿ ಕೂತಿರುತ್ತದೆ. ಅದಕ್ಕೆ ಚೀಟಿಯೂ ಇಲ್ಲ.

ಪಟ್ಟಿಯ ಭಾಷೆಯಲ್ಲಿ ದಿನಸಿ ಕೂಡಿಡುವ ಜಾಗಕ್ಕೆ ಪ್ಯಾಂಟ್ರಿ ಅನ್ನುತ್ತಾರೆ. ಕರಾವಳಿಯವರಿಗೆ ಅದೇನು ಅಂತ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದಕ್ಕೇ ಮೇ ತಿಂಗಳಲ್ಲೇ ಒಣಮೀನು ಕಟ್ಟಿಡುತ್ತಾರೆ, ಹಲಸಿನ ಹಪ್ಪಳ ಮಾಡಿಡುತ್ತಾರೆ, ಮುರುಗಲು ಸಿಪ್ಪೆ ಒಣಗಿಸುತ್ತಾರೆ. ಪಟ್ಟಿ ಹೇಳುವುದು ಡಬ್ಬಿಯ ಟ್ಯೂನಾ ಇಡಿ ಅಂತ. ಅಂಕೋಲಾ ಸಂತೆಯಲ್ಲಿ ಒಣಮೀನು ಕಂಡರೆ ಮೂಗು ಮುಚ್ಚಿಕೊಳ್ಳುವವರೂ ಟ್ಯೂನಾ ಡಬ್ಬಿ ತೆರೆದು ‘ಆಹಾ ಪ್ರೊಟೀನ್’ ಅನ್ನುತ್ತಾರೆ. ವಾಸನೆಯೂ ಡಬ್ಬಿಯಲ್ಲಿ ಬಂದರೆ ಗೌರವ.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಹುಳಿ ಮತ್ತು ಮಸಾಲೆಯ ವಿಷಯದಲ್ಲಿ. ಪಟ್ಟಿಯಲ್ಲಿ ಹುಳಿ ಅಂದರೆ ಆಪಲ್ ಸೈಡರ್ ವಿನೆಗರ್, ಅದೊಂದೇ. ನಮ್ಮ ಜಿಲ್ಲೆಯಲ್ಲಿ ವಾಟೆಯಿದೆ, ಉಪ್ಪಾಗೆಯಿದೆ, ಬಿಂಬಲವಿದೆ, ಕಂಚಿಯಿದೆ, ಹುಣಸೆ ಹೇಗೂ ಇದೆ. ಯಾವ ಸಾರಿಗೆ ಯಾವ ಹುಳಿ ಅಂತ ಜಗಳವಾಡಿಯೇ ಸಂಸಾರಗಳು ಗಟ್ಟಿಯಾಗುತ್ತಿದ್ದವು. ಉಪ್ಪಾಗೆಯ ಬಾಳು ನೋಡಿ. ಕಾಡಿನಿಂದ ಆರಿಸಿ, ಒಲೆಯ ಮೇಲೆ ಒಣಗಿಸಿ, ಮೂಟೆ ಕಟ್ಟಿ ಮಾರುತ್ತಾರೆ. ಅದು ಹಡಗು ಹತ್ತಿ ಹೋಗಿ ಗಾರ್ಸೀನಿಯಾ ಅನ್ನುವ ಹೆಸರಲ್ಲಿ ತೂಕ ಇಳಿಸುವ ಮಾತ್ರೆಯಾಗುತ್ತದೆ. ಆ ಮಾತ್ರೆಯನ್ನು ಸಿದ್ದಾಪುರದ ಕಡೆಯವರೂ ಆನ್‌ಲೈನಿನಲ್ಲಿ ತರಿಸುತ್ತಾರೆ. ಬಾಂಗಡೆ ಸಾರಿಗೆ ಹಾಕುವ ತೆಫಳವಿದೆಯಲ್ಲ, ಅದರ ಚೀನಾದ ದಾಯಾದಿಯೇ ಸಿಚುವಾನ್ ಪೆಪ್ಪರ್. ದಾಯಾದಿ ಸಣ್ಣ ಸೀಸೆಯಲ್ಲಿ ಬಂದು ಶೆಲ್ಫಿನಲ್ಲಿ ಕೂತಿದ್ದಾನೆ. ಮನೆ ಮಗ ಸಂತೆಯಲ್ಲಿ ಗೋಣಿಯ ಮೇಲೆ ಬಿಸಿಲು ಕಾಯುತ್ತಿದ್ದಾನೆ.

ಹಾಗಾಗಿ ನನ್ನದೊಂದು ಸಲಹೆ. ಜಿಲ್ಲಾಡಳಿತ ಸುಮ್ನೆ ‘ಸ್ಥಳೀಯ ಉತ್ಪನ್ನ ಬಳಸಿ’ ಅಂತ ಬ್ಯಾನರ್ ಕಟ್ಟುವುದು ಬೇಡ. ಯಾರೂ ಓದುವುದಿಲ್ಲ. ಅದರ ಬದಲು ಸಾಣಿಕಟ್ಟದ ಉಪ್ಪನ್ನು ಒಂದು ಲಾರಿಗೆ ತುಂಬಿ ಮನಾಲಿಯವರೆಗೆ ಕರೆದುಕೊಂಡು ಹೋಗಬೇಕು. ಹಿಮ ತೋರಿಸಬೇಕು. ಒಂದು ರಾತ್ರಿ ಅಲ್ಲೇ ಮಲಗಿಸಿ, ಬೆಳಿಗ್ಗೆ ಫೋಟೋ ತೆಗೆದು, ಸಣ್ಣ ಸೀಸೆಗೆ ತುಂಬಿ ವಾಪಸ್ ತರಬೇಕು. ಆಗ ‘ಹಿಮಾಲಯ ಕಂಡ ಉಪ್ಪು’ ಅಂತ ಬರೆದರೂ ಸುಳ್ಳಾಗುವುದಿಲ್ಲ. ಖೇವ್ರಾದ್ದಕ್ಕಿಂತ ಇದೇ ಹೆಚ್ಚು ಪ್ರಾಮಾಣಿಕ ಅಲ್ವಾ?

ಇಷ್ಟು ಹೇಳಿದ್ದಕ್ಕೆ ಲಾರಿ ಓಡಿಸುವ ಗೆಳೆಯರೊಬ್ಬರು ನಕ್ಕರು. “ಮನಾಲಿ ಯಾಕ್ರೀ? ಕುಮಟಾದಿಂದ ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ತನ್ನಿ ಸಾಕು. ಆ ರಸ್ತೆ ಕೆಲಸದ ನಡುವೆ ತಲುಪಿದ ಉಪ್ಪಿಗೆ ಯಾವ ರೇಟು ಹಾಕಿದರೂ ಜನ ಕೊಡ್ತಾರೆ.”