ಬ್ರಸೆಲ್ಸ್ ಬಾಗಿಲ ಮೇಲೆ ‘ನಾಳೆ ಬಾ’

ಹೋದ ವಾರ ಮನೆಗೆ ಒಂದು ಲಕೋಟೆ ಬಂತು. ನಾನಿರುವ ಜರ್ಮನಿಯ ಊರಿನ ಒಂದು ಕಚೇರಿಯಿಂದ. ಯಾವ ಕಚೇರಿ ಅನ್ನುವುದು ಬೇಡ, ಮುಂದಿನ ತಿಂಗಳೂ ಅದೇ ಕೌಂಟರಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಪತ್ರದ ಸಾರ ಇಷ್ಟು: ‘ನಿಮ್ಮ ಆನ್‌ಲೈನ್ ಅರ್ಜಿ ತಲುಪಿದೆ, ವಂದನೆಗಳು. ದಯವಿಟ್ಟು ಅದನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಅಂಚೆಯಲ್ಲಿ ಇಲ್ಲವೇ ಫ್ಯಾಕ್ಸ್‌ನಲ್ಲಿ ಕಳಿಸಿಕೊಡಿ.’

ಫ್ಯಾಕ್ಸ್! ನಾನು ಕೊನೆಯ ಸಲ ಫ್ಯಾಕ್ಸ್ ಕಂಡದ್ದು ತೊಂಬತ್ತರ ದಶಕದಲ್ಲಿ, ನಮ್ಮೂರ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು. ಅದರ ಪಕ್ಕ ಬಟ್ಟೆ ಹೊದ್ದು ಕೂತಿರುತ್ತಿತ್ತು ಆ ಯಂತ್ರ, ದೇವರ ಥರ. ಅದನ್ನು ಮತ್ತೆ ನೋಡಲು ವೀಸಾ ಮಾಡಿಸಿಕೊಂಡು ಇಷ್ಟು ದೂರ ಬರಬೇಕಾಯಿತು.

ನಮ್ಮ ಬೀದಿಯ ಕೊನೆಯಲ್ಲಿ ಪಾರ್ಸೆಲ್, ಸಿಮ್ ಕಾರ್ಡ್, ಜೆರಾಕ್ಸ್ ಎಲ್ಲವೂ ಇರುವ ಅಂಗಡಿಯೊಂದಿದೆ. ಫ್ಯಾಕ್ಸೂ ಇದೆ. ನನ್ನ ಮುಂದೆ ಇನ್ನಿಬ್ಬರಿದ್ದರು. ಒಬ್ಬ ಹೈದರಾಬಾದಿನವನು, ಒಬ್ಬಳು ಪುಣೆಯವಳು. ಮೂವರ ಕೊರಳಲ್ಲೂ ಕಂಪನಿಯ ಐಡಿ ಕಾರ್ಡು. ಮೂವರೂ ಹೊಟ್ಟೆಪಾಡಿಗೆ ಮಾಡುವುದು ಕ್ಲೌಡ್ ಕೆಲಸ. ‘ನಿಮ್ಮಂಥವರಿಂದಲೇ ಸ್ವಾಮಿ, ನನ್ನ ಮಷೀನು ಇನ್ನೂ ಓಡುತ್ತಿರುವುದು’ ಅಂದ ಅಂಗಡಿಯವ. ಜರ್ಮನ್ ಭಾಷೆಯಲ್ಲಿ ‘ಸ್ವಾಮಿ’ ಇಲ್ಲ, ಅದು ನನ್ನ ಸೇರ್ಪಡೆ.

ಅವನ ಮಷೀನು ಒಂಟಿಯೇನಲ್ಲ. ಬಿಟ್‌ಕಾಮ್ ಅನ್ನುವ ಇಲ್ಲಿನ ಐಟಿ ಉದ್ಯಮದ ಸಂಘ 2023ರಲ್ಲಿ ವಿಚಾರಿಸಿದಾಗ ಶೇ. 82ರಷ್ಟು ಕಂಪನಿಗಳು ಫ್ಯಾಕ್ಸ್ ಬಳಸುತ್ತಿದ್ದವು. ಕೊರೊನಾ ಬಂದ 2020ರಲ್ಲಿ ಸೋಂಕಿತರ ಹೆಸರುಗಳು ಆರೋಗ್ಯ ಕಚೇರಿಗಳಿಗೆ ಫ್ಯಾಕ್ಸ್‌ನಲ್ಲಿ ಬರುತ್ತಿದ್ದವು. ಅಲ್ಲಿ ಯಾರೋ ಕೂತು ಅದನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತಿದ್ದರು. ವೈರಸ್ಸಿಗೆ ಈ ನಿಯಮ ಗೊತ್ತಿರಲಿಲ್ಲ. ಸಹಿ ಹಾಕದೇ ಮುಂದೆ ಹೋಗಿಬಿಟ್ಟಿತು.

ಹಾಗಂತ ಇದನ್ನೆಲ್ಲ ಸರಿಮಾಡಲು ಯುರೋಪಿಯನ್ ಒಕ್ಕೂಟ ಏನೂ ಮಾಡಲಿಲ್ಲ ಅಂದರೆ ನಾಲಿಗೆ ಬಿದ್ದುಹೋಗುತ್ತದೆ. ಎಷ್ಟೊಂದು ಮಾಡಿದೆ! 1999ರ ಡಿಸೆಂಬರಿನಲ್ಲಿ ‘ಇ-ಯುರೋಪ್’ ಅಂತ ಶುರು. 2000ದ ಮಾರ್ಚಿನಲ್ಲಿ ನಾಯಕರೆಲ್ಲ ಲಿಸ್ಬನ್‌ನಲ್ಲಿ ಸೇರಿ, 2010ರ ಹೊತ್ತಿಗೆ ಜಗತ್ತಿನಲ್ಲೇ ಎಲ್ಲರಿಗಿಂತ ಚುರುಕಾದ ಜ್ಞಾನದ ಅರ್ಥವ್ಯವಸ್ಥೆ ನಮ್ಮದಾಗುತ್ತದೆ ಅಂತ ಸಂಕಲ್ಪ ಮಾಡಿದರು. ಆಮೇಲೆ ‘ಇ-ಯುರೋಪ್ 2002’, ‘ಇ-ಯುರೋಪ್ 2005’, ‘ಐ2010’. ಇ ಹೋಗಿ ಐ ಬಂತು, ಅಷ್ಟರ ಮಟ್ಟಿಗೆ ಪ್ರಗತಿ. 2010 ಬಂದೇ ಬಿಟ್ಟಿತು. ಜಗತ್ತಿನ ಚುರುಕು ಬೇರೆ ಕಡೆ ಇತ್ತು. ಆಗ ‘ಡಿಜಿಟಲ್ ಅಜೆಂಡಾ’ ಮಾಡಿದರು. ಅದರಲ್ಲಿ 101 ಕಾರ್ಯಗಳು. ಮದುವೆ ಮನೆಯಲ್ಲಿ ಮುಯ್ಯಿ ಬರೆಸುವ ಲೆಕ್ಕ ನೋಡಿ, ನೂರಕ್ಕೆ ನಿಲ್ಲಿಸಬಾರದು. 2015ರಲ್ಲಿ ‘ಡಿಜಿಟಲ್ ಏಕ ಮಾರುಕಟ್ಟೆ’. 2021ರಲ್ಲಿ ‘ಡಿಜಿಟಲ್ ದಿಕ್ಸೂಚಿ’. ದಿಕ್ಸೂಚಿಯ ಮುಳ್ಳು ಈಗ 2030ರ ಕಡೆ ನಿಂತಿದೆ.

ಹಿಂದೆ ನಮ್ಮ ಬೆಂಗಳೂರಿನ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ನೆನಪಿದೆಯೇ? ರಾತ್ರಿ ದೆವ್ವ ಬರುತ್ತಿತ್ತು, ಓದುತ್ತಿತ್ತು, ಸರಿ ಅಂತ ವಾಪಸ್ ಹೋಗುತ್ತಿತ್ತು. ಮರುದಿನ ಬಂದರೂ ಅದೇ ಬೋರ್ಡು. ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನವರು ಅದನ್ನೇ 24 ಅಧಿಕೃತ ಭಾಷೆಗಳಲ್ಲಿ ಬರೆಸಿ, ಮೇಲೆ ನೀಲಿ ಬಾವುಟ ಹಾರಿಸಿದ್ದಾರೆ. ನಾವು ದೆವ್ವದ ಹಾಗೆ ಇಪ್ಪತ್ತೈದು ವರ್ಷದಿಂದ ಓದಿ ಓದಿ ವಾಪಸ್ ಹೋಗುತ್ತಿದ್ದೇವೆ.

2030ರ ಗುರಿಗಳಲ್ಲಿ ಒಂದು, ಶೇ. 80ರಷ್ಟು ವಯಸ್ಕರಿಗೆ ಮೂಲ ಡಿಜಿಟಲ್ ತಿಳಿವಳಿಕೆ ಇರಬೇಕು ಅನ್ನುವುದು. 2021ರಲ್ಲಿ ಅದು ಶೇ. 54 ಇತ್ತು. 2023ರಲ್ಲಿ ಶೇ. 55.6. ಎರಡು ವರ್ಷಕ್ಕೆ ಒಂದೂವರೆ ಚಿಲ್ಲರೆ. ಇದೇ ನಡಿಗೆಯಲ್ಲಿ ಹೋದರೆ 80 ಮುಟ್ಟುವುದು 2053ರ ಸುಮಾರಿಗೆ. ನನ್ನ ಲೆಕ್ಕ ತಪ್ಪಿದ್ದರೆ ದಯವಿಟ್ಟು ಫ್ಯಾಕ್ಸ್ ಮಾಡಿ.

ನನಗೆ ಈ ಯೋಜನೆಗಳಲ್ಲೆಲ್ಲ ತುಂಬಾ ಪ್ರೀತಿಯದು ‘ವೈಫೈ ಫಾರ್ ಇಯು’. ಊರಿನ ಚೌಕ, ಉದ್ಯಾನ, ಗ್ರಂಥಾಲಯದಲ್ಲಿ ಜನರಿಗೆ ಪುಕ್ಕಟೆ ವೈಫೈ ಕೊಡಿಸುವ ಯೋಜನೆ. ಒಳ್ಳೆಯದೇ. ಶುರುವಿಗೆ 12 ಕೋಟಿ ಯೂರೋ, ಒಂದು ಊರಿಗೆ 15,000 ಯೂರೋದ ವೋಚರು. ಅರ್ಜಿ ಆನ್‌ಲೈನ್‌ನಲ್ಲಿ. ಮೊದಲು ಬಂದವರಿಗೆ ಮೊದಲು, ತತ್ಕಾಲ್ ಟಿಕೆಟ್ ಇದ್ದ ಹಾಗೆ. 2018ರ ಮೇ 15, ಮಧ್ಯಾಹ್ನ. ಖಂಡದ ಉದ್ದಗಲಕ್ಕೂ ಸಾವಿರಾರು ಮೇಯರುಗಳು ಇಲಿಯ ಮೇಲೆ ಬೆರಳಿಟ್ಟು ಕೂತಿದ್ದರು. ಆಲ್ಪ್ಸ್ ಬೆಟ್ಟದ ತುದಿಯ ಯಾವುದೋ ಹಳ್ಳಿಯ ಮೇಯರು, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಈಗ ಒತ್ತಲಾ, ಈಗ ಒತ್ತಲಾ’ ಅಂತ ಕೇಳುವುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಒತ್ತಿದರು. ಪೋರ್ಟಲ್ ಕೈಕೊಟ್ಟಿತು. ಕೆಲವರಿಗೆ ಅರ್ಜಿ ಹಾಕಲು ಬಂತು, ಕೆಲವರಿಗೆ ಬರಲಿಲ್ಲ. ಕೊನೆಗೆ ಎಲ್ಲರಿಗೂ ಸಮಾನ ಅವಕಾಶ ಸಿಗಲಿಲ್ಲ ಅಂತ ಇಡೀ ಸುತ್ತನ್ನೇ ರದ್ದು ಮಾಡಿದರು. ನವೆಂಬರಿನಲ್ಲಿ ಮತ್ತೆ ಮಾಡಿ, 2,800 ಊರುಗಳಿಗೆ ಕೊಟ್ಟರು. ಜನರನ್ನು ಇಂಟರ್ನೆಟ್ಟಿಗೆ ಹತ್ತಿಸಲು ಹೊರಟ ಬಸ್ಸು ಡಿಪೋದಲ್ಲೇ ಪಂಕ್ಚರ್ ಆಗಿತ್ತು.

ಬಸ್ಸು ಅಂದ ಕೂಡಲೇ ನೆನಪಾಯಿತು. ಇಲ್ಲಿ ಯಾವ ಜಾಲತಾಣ ತೆರೆದರೂ ಮೊದಲು ಒಂದು ಪರದೆ ಬರುತ್ತದೆ. ‘ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ. ನಾವು ಮತ್ತು ನಮ್ಮ ನೂರಾರು ಪಾಲುದಾರರು ಕುಕೀ ಇಡುತ್ತೇವೆ.’ ಕುಕೀ ಅಂದರೆ ನಾವು ಜಾಲದಲ್ಲಿ ಓಡಾಡಿದ್ದನ್ನು ಗುರುತಿಟ್ಟುಕೊಳ್ಳುವ ಪುಟ್ಟ ಕಡತ. ನೂರಾರು ಪಾಲುದಾರರಿರುವ ಖಾಸಗಿತನ! ಕೂಡುಕುಟುಂಬದಲ್ಲಿ ಬೆಳೆದ ನಮಗೂ ಅಷ್ಟು ಅಭ್ಯಾಸವಿರಲಿಲ್ಲ. ಉದ್ದೇಶ ಕೆಟ್ಟದ್ದೇನಲ್ಲ. ಜಾಹೀರಾತಿನವರು ಕದ್ದು ನೋಡಬಾರದು, ಕೇಳಿ ನೋಡಬೇಕು ಅಂತ 2009ರಲ್ಲಿ ಒಕ್ಕೂಟದವರು ತಮ್ಮ ನಿರ್ದೇಶನ ತಿದ್ದಿದರು. ಕಂಪನಿಗಳು ಕೇಳಿದವು. ದಿನಕ್ಕೆ ಐವತ್ತು ಸಲ ಕೇಳಿದವು. ‘ಒಪ್ಪಿದೆ’ ಅನ್ನುವ ಗುಂಡಿ ಮದುವಣಗಿತ್ತಿಯ ಹಾಗೆ ಬಣ್ಣಬಣ್ಣ. ‘ಬೇಡ’ ಅನ್ನುವುದು ಮೂರು ಪುಟದ ಒಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಕದ್ದು ಮದುವೆಗೆ ಬಂದ ನೆಂಟನ ಹಾಗೆ. ಯಾರು ಹುಡುಕುತ್ತಾರೆ? ನಾನೂ ಒಪ್ಪುತ್ತೇನೆ. ಏನನ್ನು ಒಪ್ಪಿದೆ ಅಂತ ಇವತ್ತಿನವರೆಗೂ ಓದಿಲ್ಲ. 2025ರ ನವೆಂಬರಿನಲ್ಲಿ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಈ ಕಾಟವನ್ನು ಕಡಿಮೆ ಮಾಡುತ್ತೇವೆ ಅಂತ ಒಂದು ಪ್ರಸ್ತಾವ ತಂದಿತು. ಅದರ ಹೆಸರು ‘ಡಿಜಿಟಲ್ ಆಮ್ನಿಬಸ್’. ನಿಲ್ದಾಣದಲ್ಲಿ ನಿಂತಿದ್ದೇವೆ.

ಒಕ್ಕೂಟದ ಮೇಲೆ ಮಾತ್ರ ಹೊರಿಸುವುದೂ ತಪ್ಪು. ಜರ್ಮನಿ ತನ್ನದೇ ಪ್ರತಿಭೆಯನ್ನು ಸೇರಿಸಿದೆ. 2013ರ ಜೂನ್‌ನಲ್ಲಿ, ಒಬಾಮ ಪಕ್ಕದಲ್ಲೇ ನಿಂತಿರುವಾಗ, ಚಾನ್ಸೆಲರ್ ಮರ್ಕೆಲ್ ‘ಇಂಟರ್ನೆಟ್ ನಮಗೆಲ್ಲ ಹೊಸ ನೆಲ’ ಅಂದರು. 2017ರಲ್ಲಿ ಒಂದು ಕಾನೂನು ಮಾಡಿ, ಸರ್ಕಾರದ 575 ಬಗೆಯ ಸೇವೆಗಳನ್ನು 2022ರ ಕೊನೆಯೊಳಗೆ ಆನ್‌ಲೈನ್ ಮಾಡುತ್ತೇವೆ ಅಂದರು. ಗಡುವು ಬಂತು, ಹೋಯಿತು, ಬಹುಪಾಲು ಸೇವೆಗಳು ಬರಲಿಲ್ಲ. 2024ರಲ್ಲಿ ಕಾನೂನನ್ನು ತಿದ್ದಿದರು. ಈ ಸಲ ಎಲ್ಲದಕ್ಕೂ ಒಂದು ಗಡುವು ಅಂತ ಇಡುವ ಗೋಜಿಗೇ ಹೋಗಲಿಲ್ಲ. ಜಾಣರು. ಅದಕ್ಕೂ ಮೊದಲು ‘ಡಿ-ಮೇಲ್’ ಅಂತ ಒಂದಿತ್ತು. ರಿಜಿಸ್ಟರ್ಡ್ ಅಂಚೆಯಷ್ಟೇ ಗಟ್ಟಿಯಾದ, ಕಾಸು ಕೊಟ್ಟು ಕಳಿಸುವ ಇಮೇಲು. 2011ರಲ್ಲಿ ಅದಕ್ಕೂ ಕಾನೂನು ಬಂತು, ಜನ ಮಾತ್ರ ಬರಲಿಲ್ಲ. ಅದನ್ನು ನಡೆಸುತ್ತಿದ್ದ ಡಾಯ್ಚ ಟೆಲಿಕಾಮ್‌ನ ಮುಖ್ಯಸ್ಥರೇ ಕೊನೆಗೆ ‘ಸತ್ತ ಕುದುರೆ’ ಅಂದುಬಿಟ್ಟರು. 2022ರಲ್ಲಿ ಟೆಲಿಕಾಮ್ ತನ್ನ ಪಾಲಿನದನ್ನು ಮಣ್ಣು ಮಾಡಿತು.

ಇನ್ನೊಂದು ಮುತ್ತು, 2018ರದ್ದು. ಸಂಶೋಧನಾ ಸಚಿವೆ ಕಾರ್ಲಿಚೆಕ್ ಅವರು ‘ಪ್ರತಿ ಹಾಲಿನ ಕ್ಯಾನಿಗೂ 5ಜಿ ಬೇಕಿಲ್ಲ’ ಅಂದರು. ನಮ್ಮೂರ ಡೇರಿ ನೆನಪಾಯಿತು. ಬೆಳಿಗ್ಗೆ ಆರಕ್ಕೆ ಕ್ಯಾನು ಬರುತ್ತದೆ. ಯಂತ್ರ ಫ್ಯಾಟ್ ಅಳೆಯುತ್ತದೆ, ಚೀಟಿ ಉಗುಳುತ್ತದೆ, ಲೆಕ್ಕ ಕಂಪ್ಯೂಟರಿಗೆ ಹೋಗುತ್ತದೆ, ದುಡ್ಡು ಬ್ಯಾಂಕಿಗೆ ಬೀಳುತ್ತದೆ. ಜಂಬ ಕೊಚ್ಚಿಕೊಳ್ಳಲು ಹೇಳುತ್ತಿಲ್ಲ. ಅದೇ ಬೀದಿಯ ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿಯ ಸವೆದ ಹೆಬ್ಬೆಟ್ಟನ್ನು ಹತ್ತು ಸಲ ಒತ್ತಿಸಿ, ‘ಸರ್ವರ್ ಇಲ್ಲಜ್ಜಿ, ನಾಳೆ ಬಾ’ ಅನ್ನುವವರೂ ನಮ್ಮವರೇ. ನಮ್ಮ ರೋಗ ಬೇರೆ: ಮನುಷ್ಯ ಎದುರಿಗೇ ನಿಂತಿದ್ದರೂ ಯಂತ್ರ ಹೂಂ ಅನ್ನಬೇಕು. ಇವರದು ತಿರುವುಮುರುವು. ಯಂತ್ರ ಹೂಂ ಅಂದರೂ ಕಾಗದ ಹೂಂ ಅನ್ನಬೇಕು.

ಲಿಸ್ಬನ್‌ನಲ್ಲಿ ಸಂಕಲ್ಪ ಮಾಡಿದ ಅದೇ 2000ದಲ್ಲಿ ಜರ್ಮನಿಗೆ ಕಂಪ್ಯೂಟರ್ ಗೊತ್ತಿರುವವರು ಸಾಲದಾಗಿ, ಹೊರಗಿನ ಐಟಿ ಜನರಿಗೆ ‘ಗ್ರೀನ್ ಕಾರ್ಡ್’ ಕೊಡುತ್ತೇವೆ ಅಂದರು. ಬೆಂಗಳೂರಿನಲ್ಲಿ ಆಗ ಜರ್ಮನ್ ಕಲಿಯಲು ಹೋದವರಲ್ಲಿ ನಾನೂ ಒಬ್ಬ. ಇಲ್ಲಿನ ರಾಜಕಾರಣಿ ರ‍್ಯುಟ್‌ಗರ್ಸ್, ಇಂಡಿಯನ್ನರ ಬದಲು ನಮ್ಮ ಮಕ್ಕಳು ಕಂಪ್ಯೂಟರಿನ ಮುಂದೆ ಕೂರಬೇಕು ಅಂದರು. ‘ಕಿಂಡರ್ ಶ್ಟಾಟ್ ಇಂಡರ್’ ಅಂತ ಅದು ಪ್ರಾಸಬದ್ಧವಾಗಿ ಊರೆಲ್ಲ ಓಡಾಡಿತು. ನ್ಯಾಯವಾದ ಮಾತೇ, ಮಕ್ಕಳು ಕೂರಲಿ ಅಲ್ವಾ? 2023ರ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಇಲ್ಲಿನ ಎಂಟನೇ ತರಗತಿಯ ಮಕ್ಕಳಲ್ಲಿ ಸುಮಾರು ಶೇ. 40ರಷ್ಟು ಮಂದಿಗೆ ಕಂಪ್ಯೂಟರಿನ ಅಲ್ಪಸ್ವಲ್ಪ ಕೆಲಸ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆ ಮಕ್ಕಳ ತಪ್ಪೇನಿಲ್ಲ ಬಿಡಿ. ಆದರೆ ಇಂಡಿಯನ್ನರನ್ನು ಕೂರಿಸಲಿಲ್ಲ ಅನ್ನಬೇಡಿ. ಕೂರಿಸಿದ್ದಾರೆ, ಕಚೇರಿಯ ಹೊರಗಿನ ಬೆಂಚಿನ ಮೇಲೆ.

ಯುರೋಪಿನಲ್ಲಿ ಯಾರಿಗೂ ಬರುವುದಿಲ್ಲ ಅಂತಲೂ ಅಲ್ಲ. ಎಸ್ಟೋನಿಯಾ ನೋಡಿ, ಬೆಂಗಳೂರಿನ ಸುಮಾರು ಹತ್ತನೇ ಒಂದು ಪಾಲಿನಷ್ಟು ಜನ. 2005ರಲ್ಲೇ ಇಂಟರ್ನೆಟ್ಟಿನಲ್ಲಿ ಮತ ಹಾಕಿದರು. ಅಲ್ಲಿ ಸರ್ಕಾರಿ ಕೆಲಸಗಳಲ್ಲಿ ಕೊನೆಗೆ ಉಳಿದಿದ್ದದ್ದು ವಿಚ್ಛೇದನ. 2024ರ ಡಿಸೆಂಬರಿನಲ್ಲಿ ಅದೂ ಆನ್‌ಲೈನ್ ಆಯಿತು. ಇಲ್ಲಿ ನಮಗೆ ಮದುವೆಯ ಸರ್ಟಿಫಿಕೇಟು ಭಾಷಾಂತರಿಸಿ, ಮೊಹರು ಹಾಕಿಸಿ, ಕಚೇರಿಗೆ ಒಪ್ಪಿಸುವಷ್ಟರಲ್ಲಿ ಆ ದೇಶದವರು ಎರಡು ಸಲ ಬಿಡುಗಡೆ ಪಡೆಯಬಹುದು.

ನನ್ನ ಹೆಂಡತಿ ಹೇಳುತ್ತಾಳೆ, ಸುಮ್ನೆ ನಗಾಡಿಕೊಂಡು ಬರೆಯುತ್ತೀರಿ, ಕಾಗದ ಬಂದಾಗ ಮಾತ್ರ ನಿದ್ದೆ ಮಾಡುವುದಿಲ್ಲ. ನಿಜ.

ಇಲ್ಲಿ ವಾಸದ ಪರವಾನಗಿ ನವೀಕರಣಕ್ಕೆ ಅರ್ಜಿ ಹಾಕಿ, ಹೊಸ ಕಾರ್ಡು ಬರುವ ಮೊದಲೇ ಹಳೆಯದರ ಅವಧಿ ಮುಗಿದರೆ ಒಂದು ಕಾಗದ ಕೊಡುತ್ತಾರೆ. ಅದರ ಹೆಸರು ‘ಫಿಕ್ಟಿಯೋನ್ಸ್‌ಬೆಶೈನಿಗುಂಗ್’. ಪದಕ್ಕೆ ಪದ ಹಿಡಿದರೆ ಕಟ್ಟುಕಥೆಯ ಪ್ರಮಾಣಪತ್ರ. ನೀವು ಇಲ್ಲಿದ್ದೀರಿ ಅಂತ ನಾವು ಭಾವಿಸಿಕೊಂಡಿದ್ದೇವೆ, ಅಷ್ಟೇ. ಮಡಚುವ ಕಾಗದ, ಮೇಲೊಂದು ಫೋಟೋ. ವಿಮಾನ ನಿಲ್ದಾಣದಲ್ಲಿ ತೋರಿಸಿದರೆ ಹುಡುಗ ಅದನ್ನೂ ನೋಡುತ್ತಾನೆ, ನಮ್ಮನ್ನೂ ನೋಡುತ್ತಾನೆ, ಮೇಲಿನವರನ್ನು ಕರೆಯುತ್ತಾನೆ. ಹೀಗೆ ಕಥೆಯ ಪಾತ್ರವಾಗಿ ನಾನೂ ಏಳು ತಿಂಗಳು ಬದುಕಿದ್ದೇನೆ. ತಮಾಷೆಯಾಗಿಯೇ ಇತ್ತು.

ಹಾಸನದ ಕಡೆಯ ಗೆಳೆಯನಿಗೆ ತಮಾಷೆಯಾಗಿರಲಿಲ್ಲ. ಅವನ ಊರಿನ ಪೋರ್ಟಲ್‌ನಲ್ಲಿ ಅರ್ಜಿ ‘ಪರಿಶೀಲನೆಯಲ್ಲಿದೆ’ ಅಂತಿತ್ತು. ಮೂರು ತಿಂಗಳಿಂದ ಹಾಗೇ ಇತ್ತು. ಕಟ್ಟುಕಥೆಯ ಕಾಗದಕ್ಕೂ ಅಪಾಯಿಂಟ್‌ಮೆಂಟ್ ಬೇಕು. ಆನ್‌ಲೈನ್‌ನಲ್ಲಿ ಮಾತ್ರ. ರಾತ್ರಿ ಎರಡಕ್ಕೆ ನೋಡಿದ, ಬೆಳಿಗ್ಗೆ ಆರಕ್ಕೆ ನೋಡಿದ. ‘ಸದ್ಯಕ್ಕೆ ಯಾವುದೇ ಸಮಯ ಖಾಲಿ ಇಲ್ಲ.’ ಆ ಹೊತ್ತಿಗೆ ತಾಯಿ ಐಸಿಯುಗೆ ಹೋದರು. ನೋಡಲು ಇಂಡಿಯಾಕ್ಕೆ ಹೋದರೆ ಇವನನ್ನು ವಾಪಸ್ ಬರಲು ಬಿಡುವುದಿಲ್ಲ, ಕೆಲಸ ಹೋಗುತ್ತದೆ, ಮಗು ಇಲ್ಲಿನ ಶಾಲೆಯಲ್ಲಿದೆ. ಫೋನ್ ಮಾಡಿದ, ಎತ್ತಲಿಲ್ಲ. ಇಮೇಲ್ ಮಾಡಿದ, ಯಂತ್ರ ಉತ್ತರಿಸಿತು. ಖುದ್ದು ಹೋದ, ಬಾಗಿಲ ಕಾವಲಿನವ ಪೋರ್ಟಲ್ ನೋಡಿ ಅಂದ. ತಾಯಿಯ ಅಂತ್ಯಕ್ರಿಯೆಯನ್ನು ವಾಟ್ಸಾಪ್ ವಿಡಿಯೋದಲ್ಲಿ ನೋಡಿದ. ಆ ದಿನ ಇಂಟರ್ನೆಟ್ ಚೆನ್ನಾಗಿ ಕೆಲಸ ಮಾಡಿತು.

ಇದಕ್ಕೆ ದಿಕ್ಸೂಚಿ ಬೇಕಿರಲಿಲ್ಲ. 101 ಕಾರ್ಯಗಳೂ ಬೇಕಿರಲಿಲ್ಲ. ಒಬ್ಬರು ಫೋನ್ ಎತ್ತಿದ್ದರೆ ಸಾಕಿತ್ತು. ಕೌಂಟರಿನ ಜನರನ್ನು ಕಡಿಮೆ ಮಾಡಿ ಪೋರ್ಟಲ್ ತಂದರು. ಪೋರ್ಟಲ್ಲಿನ ಹಿಂದೆ ಅದೇ ಹಳೆಯ ಕಾಗದದ ರಾಶಿ ಉಳಿಸಿಕೊಂಡರು. ಬಾಗಿಲು ಮಾತ್ರ ಡಿಜಿಟಲ್ ಆಯಿತು, ಅದೂ ಮುಚ್ಚುವುದಕ್ಕೆ. ಇದನ್ನು ಯೋಜನೆ ಅಂತ ಕರೆದು ಮತ್ತೆ ಮತ್ತೆ ಹೆಸರಿಡುತ್ತಾರಲ್ಲ, ಅದಕ್ಕೆ ಬೇಸರವಾಗುತ್ತದೆ. ಬೈಯಲೂ ಬೇಸರ ಈಗೀಗ.

ಅಂದ ಹಾಗೆ, ನನ್ನ ಫ್ಯಾಕ್ಸ್ ಹೋಯಿತು. ಮೂರನೇ ಸಲಕ್ಕೆ ಹತ್ತಿತು. ಅಂಗಡಿಯವ ‘ಓಕೆ’ ಅಂತ ಮುದ್ರೆ ಬಿದ್ದ ಸಣ್ಣ ಚೀಟಿ ಹರಿದು ಕೊಟ್ಟ. ಜೋಪಾನ, ಕಳಿಸಿದ್ದಕ್ಕೆ ಇದೇ ಸಾಕ್ಷಿ, ಬಿಸಿಲು ತಾಗಿದರೆ ಅಕ್ಷರ ಮಾಸಿಹೋಗುತ್ತದೆ, ಒಂದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ ಅಂದ. ಎರಡು ಮಾಡಿಸಿಕೊಂಡೆ.