ಮಾಳಿಗೆಯ ಮೇಲೆ ಕಾಮಕಸ್ತೂರಿ

ಬಳ್ಳಾರಿಯಲ್ಲಿ ಗಿಡ ಸಾಕಬೇಕಾದರೆ ಮಣ್ಣು ಗೊಬ್ಬರಕ್ಕಿಂತ ಮೊದಲು ನಲ್ಲಿ ಯಾವ ದಿನ ಬರುತ್ತದೆ ಎಂಬುದು ತಿಳಿದಿರಬೇಕು. ಏಪ್ರಿಲ್ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ರಾತ್ರಿ ಊಟ ಮುಗಿದ ಮೇಲೂ ಕೋಟೆಗುಡ್ಡದ ಬಂಡೆ ಕಾವು ಬಿಡುತ್ತಲೇ ಇರುತ್ತದೆ. ಇಂಥ ಊರಿನ ಮಾಳಿಗೆಯ ಮೇಲೆ ಬೀ ಬಾಮ್ ಎಂಬ ಅಮೆರಿಕದ ಹೂಗಿಡ ಬೆಳೆಸಬೇಕೆಂದು ಅಮೆರಿಕದಲ್ಲಿರುವ ತಂಗಿಯ ಮಗಳ ಹಟ. "ಜೇನು ಮುತ್ತುತ್ತದೆ, ಎಲೆಯಿಂದ ಚಹಾ ಮಾಡಬಹುದು, ನೋಡು ದೊಡ್ಡಮ್ಮ" ಎಂದು ಫೋಟೊ ಮೇಲೆ ಫೋಟೊ ಕಳುಹಿಸುತ್ತಾಳೆ.

ಹೂವು ಚೆಂದವೇ, ಕಡುಗೆಂಪು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಮೊನಾರ್ಡಾ ಎಂದು ಹೆಸರು. ಆ ಹೆಸರಿನ ಹಿಂದಿರುವ ನಿಕೊಲಾಸ್ ಮೊನಾರ್ಡೆಸ್ 16ನೇ ಶತಮಾನದ ಸ್ಪೇನಿನ ವೈದ್ಯ. ಅಮೆರಿಕಕ್ಕೆ ಕಾಲಿಡದೆ ಸೆವಿಲ್ ನಗರದಲ್ಲಿ ಕುಳಿತೇ ಅಲ್ಲಿಯ ಗಿಡಮೂಲಿಕೆಗಳ ಬಗ್ಗೆ ಬರೆದವನು. ನನಗೂ ಈಗ ಧೈರ್ಯ ಬಂದಿದ್ದು ಅವನಿಂದಲೇ. 1773ರಲ್ಲಿ ಬ್ರಿಟಿಷರ ಚಹಾ ತೆರಿಗೆಯನ್ನು ವಿರೋಧಿಸಿ ಅಮೆರಿಕದ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಮೇಲೆ ಅಲ್ಲಿಯ ಜನ ಚಹಾದ ಬದಲು ಕುಡಿದ ಎಲೆಗಳಲ್ಲಿ ಇದೂ ಒಂದಂತೆ. ನಮ್ಮ ಮನೆಯವರಿಂದ ಆಗದ ಹೋರಾಟ ಅದು.

ಆದರೆ ಆ ಗಿಡಕ್ಕೆ ತೇವ ಆರದ ನೆಲ ಬೇಕು, ಬೇರು ಮಲಗಿ ಏಳಲು ಒಳ್ಳೆಯ ಚಳಿಗಾಲವೂ ಬೇಕು. ಎರಡನ್ನೂ ನಾನೆಲ್ಲಿಂದ ತರಲಿ? ಅದೂ ಅಲ್ಲದೆ ಆ ಕೆಂಪು ಹೂವಿನ ಕೊಳವೆ ಉದ್ದ. ಹಮ್ಮಿಂಗ್‌ಬರ್ಡ್ ಎಂಬ ಉದ್ದ ಕೊಕ್ಕಿನ ಪುಟ್ಟ ಹಕ್ಕಿಗೆ ಸಲೀಸಾಗಿ ಸಿಗುವ ಮಕರಂದ ಜೇನುನೊಣದ ನಾಲಿಗೆಗೆ ಎಟುಕುವುದು ಕಷ್ಟ. ನಮ್ಮ ನಿಂಬೆಗಿಡದಲ್ಲಿ ಅಂಗೈಯಗಲದ ಹುಟ್ಟು ಕಟ್ಟಿರುವ ಕೋಲುಜೇನಿಗೆ ಅಷ್ಟು ದೂರದಿಂದ ಹೂವು ತರಿಸಿ ಉಪವಾಸ ಕೆಡವುವುದೇಕೆ?

ಅದೇ ಕುಟುಂಬದ ಕಾಮಕಸ್ತೂರಿ ಮಾಳಿಗೆಯಲ್ಲಿ ಇದೆಯಲ್ಲ. ಬೀ ಬಾಮ್, ತುಳಸಿ, ಪುದೀನ, ಕಾಮಕಸ್ತೂರಿ ಎಲ್ಲವೂ ದಾಯಾದಿಗಳೇ. ದಂಟನ್ನು ಬೆರಳ ನಡುವೆ ಉರುಳಿಸಿದರೆ ನಾಲ್ಕು ಮೂಲೆ ಕೈಗೆ ಸಿಗುತ್ತವೆ. ಬೆಳಿಗ್ಗೆ ತೆನೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ನೋಡಬೇಕು. ಬಿಳಿ ಹೂವಿನ ಕೆಳತುಟಿಯ ಮೇಲೆ ಕೇಸರಗಳು ಚಾಚಿಕೊಂಡಿರುತ್ತವೆ. ಕೋಲುಜೇನು ಅದರ ಮೇಲೇ ಇಳಿದು ತಲೆ ತೂರಿಸುತ್ತದೆ, ಕುಡಿಯುವಷ್ಟರಲ್ಲಿ ಹೊಟ್ಟೆಗೆಲ್ಲ ಪರಾಗ. ಹಾಗೆಯೇ ಮುಂದಿನ ಹೂವಿಗೆ. ಕೈಯಳತೆಯಲ್ಲಿ ನಾನಿದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ.

ತಕರಾರು ಇರುವುದು ಹಂಚಿಕೆಯಲ್ಲಿ. ತೆನೆ ಚಿವುಟುತ್ತಿದ್ದರೆ ಗಿಡ ಪೊದೆಯಾಗಿ ಎಲೆ ಕೊಡುತ್ತದೆ. ಕಷಾಯಕ್ಕೂ ಮಲ್ಲಿಗೆ ಮಾಲೆಯ ನಡುವೆ ಸೇರಿಸಿ ಕಟ್ಟುವುದಕ್ಕೂ ಅದೇ ಬೇಕು. ಚಿವುಟಿದರೆ ಜೇನಿಗೆ ಹೂವಿಲ್ಲ, ನಮಗೆ ಬೀಜವಿಲ್ಲ. ಪಕ್ಕದ ಮನೆಯ ಅಕ್ಕ ಮಾತ್ರ ಮಾಲೆಯ ಪರ. ಸಂಜೆ ಮೇಲೆ ಬಂದವರು ಮಾತಾಡುತ್ತಲೇ ಎಲ್ಲ ಕುಂಡಗಳ ತುದಿಯನ್ನೂ ಚಿವುಟಿಬಿಡುತ್ತಾರೆ. ಮೆಟ್ಟಿಲ ಹತ್ತಿರದ ಕುಂಡವನ್ನು ಅವರಿಗೇ ಬಿಟ್ಟಿದ್ದೇನೆ. ಉಳಿದವನ್ನು ನೀರಿನ ಟ್ಯಾಂಕಿನ ಹಿಂದೆ ಸರಿಸಿದ್ದೇನೆ.

ಹೂವು ಉದುರಿದ ಪ್ರತಿ ಬಟ್ಟಲಿನ ತಳದಲ್ಲಿ ನಾಲ್ಕು ಬೀಜ. ತೆನೆ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಅಂಗೈಯಲ್ಲಿ ತಿಕ್ಕಿ ಊದಿದರೆ ಕಪ್ಪು ಕಾಳು ಉಳಿಯುತ್ತವೆ. ರಂಜಾನ್ ಸಂಜೆಗಳ ಶರಬತ್ತಿನಲ್ಲಿ ತೇಲುವ ಸಬ್ಜಾ ಇದೇ. ನೆನೆಯಲು ಕಾಲು ಗಂಟೆಯಾದರೂ ಬಿಡಬೇಕು, ಅವಸರ ಮಾಡಿದರೆ ಗಂಟಲಿಗೆ ಅಂಟುತ್ತದೆ. ನೆಂದ ಕಾಳಿನ ಸುತ್ತ ಲೋಳೆ ಕಟ್ಟಿಕೊಂಡು ಒಂದು ಚಮಚದ ಬೀಜ ಅರ್ಧ ಲೋಟ ತುಂಬುತ್ತದೆ.

"ಕಪ್ಪೆಯ ಮೊಟ್ಟೆ ಕುಡಿಸುತ್ತೀಯಾ?" ಎಂದು ಇವರು ಪ್ರತಿ ಬೇಸಿಗೆಯಲ್ಲೂ ಕೇಳುತ್ತಾರೆ. ಆಮೇಲೆ ಖಾಲಿ ಲೋಟ ಮುಂದೆ ಚಾಚಿ, "ಈ ಸಲ ಕಪ್ಪೆ ಕಡಿಮೆ, ನಿಂಬೆ ಜಾಸ್ತಿ ಹಾಕು" ಎನ್ನುತ್ತಾರೆ.